ತುಕ್ಕು ಹಿಡಿದ ಮುಚ್ಚಳ

"ಇಲಿಗೂ ನಿನಗೂ ಏನು ವ್ಯತ್ಯಾಸ ಹೇಳು? ಇಲಿಗಾದ್ರೂ ಕೊಟ್ಟಿದ್ದನ್ನ ಕೊಟ್ಟ ಹಾಗೆ ತಿನ್ನೋಕೆ ಬರುತ್ತೆ. ನಿನಗೆ ಹೇಳಿದ್ದನ್ನ ಹೇಳಿದ ಹಾಗೆ ಮಾಡೋಕೂ ಬರಲ್ಲ."

ಪ್ರಯೋಗಾಲಯದಲ್ಲಿ ಯಾರೋ ಕಿಸಕ್ಕೆಂದರು. ಇಲಿ ಸಾಕುವ ಕೆಲಸದವನು ತಲೆ ತಗ್ಗಿಸಲಿಲ್ಲ. ಬೈದವಳನ್ನೇ ದುರುಗುಟ್ಟಿ ನೋಡಿದ.

ಅವನು ಹೈಸ್ಕೂಲು ಮುಗಿಸದವನು, ಅವಳು ಸಂಶೋಧಕಿ. ಇಬ್ಬರೂ ಪ್ರೀತಿಸುತ್ತಿದ್ದದ್ದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಬ್ಬಿಣದ ಅಂಶವಿಲ್ಲದ ಆಹಾರ ತಿಂದು ರಕ್ತಹೀನತೆ ಬಂದ ಇಲಿಗಳ ಮೈಯಲ್ಲಿ ಕೊಬ್ಬು ಸರಿಯಾಗಿ ಕರಗದೆ ರಕ್ತದಲ್ಲೇ ಉಳಿಯುತ್ತದೆ, ರಕ್ತದ ತಿಳಿ, ಅಂದರೆ ಸೀರಮ್, ಹಾಲಿನಂತೆ ಬೆಳ್ಳಗಾಗುತ್ತದೆ. ಅದನ್ನು ತೋರಿಸಲೆಂದೇ ಅವಳ ಇಷ್ಟು ವರ್ಷದ ದುಡಿಮೆ. ಇವತ್ತು ಒಂದು ಗೂಡಿನ ಇಲಿಗಳ ತಿಳಿ ನೀರಿನಷ್ಟು ನಿರ್ಮಲ! ಯಾರೋ ಅವಕ್ಕೆ ಕಬ್ಬಿಣ ತಿನ್ನಿಸಿರಬೇಕು. ಆಹಾರ ಹಾಕುವವನು ಅವನೊಬ್ಬನೇ.

ಮುಖ್ಯಸ್ಥರು ಕನ್ನಡಕ ಒರೆಸುತ್ತಾ, ನಾಳೆಯಿಂದ ಬರಬೇಡ ಎಂದು ಅವನಿಗೆ ಹೇಳಿಬಿಟ್ಟರು.

ಅವಳು ಅವನತ್ತ ತಿರುಗಿದಳು. 'ನಾನಲ್ಲ ಅಂತ ಒಂದು ಮಾತು ಹೇಳಬಾರದಾ...'

ಅವನು ತನ್ನ ಚೀಲ ತರಲು ಹೊರಟ.

ಅವಳನ್ನೂ ಅವನು ಒಮ್ಮೆ ಇಲಿಗೆ ಹೋಲಿಸಿದ್ದ. "ನಮ್ಮ ಇಲಿಗಳ ಕಿವಿ ಥರ ಬಿಳುಚಿಕೊಂಡಿದ್ದೀಯಲ್ಲೇ" ಎಂದು ಛೇಡಿಸಿ, ಹಠ ಹಿಡಿದು ರಕ್ತ ಪರೀಕ್ಷೆ ಮಾಡಿಸಿದ್ದ. ಅಂದಿನಿಂದ ಅವಳ ಕಬ್ಬಿಣದ ಮಾತ್ರೆ ಅವನ ಜೇಬಿನಲ್ಲಿ. ಮಧ್ಯಾಹ್ನವಾದರೆ ಸಾಕು, ಮಾತ್ರೆ ನುಂಗಿದ್ಯಾ ಎಂದು ಬೆನ್ನು ಹತ್ತುತ್ತಿದ್ದ.

ಅಷ್ಟು ಜಾಗ್ರತೆಯವನು ಇಲಿಗಳ ವಿಷಯದಲ್ಲಿ ತಪ್ಪುತ್ತಾನಾ? ಅವಳು ಗೂಡುಗಳ ಕೋಣೆಗೆ ಓಡಿದಳು. ಆ ಗೂಡಿನಲ್ಲಿ ಇಲಿಯೊಂದು ಹಿಂಗಾಲ ಮೇಲೆ ನಿಂತು ತಂತಿಯ ಮುಚ್ಚಳವನ್ನು ನೆಕ್ಕುತ್ತಿತ್ತು. ಮೂತಿಯೆಲ್ಲ ಕೆಂಪು ಪುಡಿ.

ತುಕ್ಕು... ಕಬ್ಬಿಣದ ತುಕ್ಕು!

ಕಳೆದ ತಿಂಗಳು ಅವನು ರಜೆಯಲ್ಲಿದ್ದಾಗ ಪ್ಲಾಸ್ಟಿಕ್ ಮುಚ್ಚಳ ಒಡೆದಿತ್ತು. ಉಗ್ರಾಣದಿಂದ ಈ ಹಳೆಯದನ್ನು ಅವಸರದಲ್ಲಿ ತಂದು ಹಾಕಿದವಳು ಅವಳೇ!

ಮುಚ್ಚಳ ಹಿಡಿದು ಅದೇ ಜನರ ನಡುವೆ ಬಂದು ನಿಂತಳು.

"ತಪ್ಪು ನಂದು. ಇದನ್ನ ಹಾಕಿದ್ದು ನಾನೇ." ಮುಚ್ಚಳವನ್ನು ಮೇಜಿನ ಮೇಲಿಟ್ಟಳು. "ನಾನು ಮದುವೆ ಅಂತ ಆದ್ರೆ ಇವನನ್ನೇ. ಅಂಥವನನ್ನ ಒಂದು ಮಾತೂ ಕೇಳದೆ ಬೈದೆ."

ಈಗ ಯಾರೂ ನಗಲಿಲ್ಲ. ಮುಖ್ಯಸ್ಥರು ಕೆಮ್ಮಿ, ನೀನು ಹೋಗೋದು ಬೇಡಪ್ಪ ಎಂದು ಗೊಣಗಿದರು.

ಅವನು ಆಗಲೇ ಚೀಲ ಹೆಗಲಿಗೇರಿಸಿದ್ದ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಮಧ್ಯಾಹ್ನ ಆಯ್ತು... ಮಾತ್ರೆ ನುಂಗಿದ್ಯಾ ಅಂತ ಕೇಳಲ್ವಾ?"

ಅವನು ಚೀಲ ಇಳಿಸಲಿಲ್ಲ. ಜೇಬಿನಿಂದ ಮಾತ್ರೆ ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಇನ್ನು ನೀನೇ ನೋಡ್ಕೋ ಎಂದೋ, ತಗೋ ಎಂದೋ, ಅವಳಿಗೆ ತಿಳಿಯಲಿಲ್ಲ.

"ನಾಳೆ ಬರ್ತೀಯಾ?"

ಅವನು ಅವಳನ್ನು ದಾಟಿ ನಡೆದುಬಿಟ್ಟ.