ಟಾರ್ನೀಟಿನ ಮನೆಯಲ್ಲಿ ಉಕ್ಕಿದ ಹಾಲು

ಒಲೆಯ ಮೇಲೆ ಹಾಲಿಟ್ಟು ಮರೆತೆನೇ? ಯೋಗೀಶ ಅಡುಗೆಮನೆಗೆ ಓಡಿದ. ಅವನ ದಿವಾಳಿ ಅರ್ಜಿ ಒಪ್ಪಿಗೆಯಾಗಿ, ಮೆಲ್ಬರ್ನ್ ಹೊರವಲಯದ ಟಾರ್ನೀಟಿನ ಆ ಮನೆ, ಸಾಲ ತೀರಿಸಲು ಮಾರಾಟಕ್ಕೆಂದು, ದಿವಾಳಿಯಾದವರ ಆಸ್ತಿ ನೋಡಿಕೊಳ್ಳುವ ಟ್ರಸ್ಟಿಯ ವಶಕ್ಕೆ ಹೋದ ದಿನವದು. ಹೆಂಡತಿ ವಸಂತಾಗೆ ಇದಾವುದೂ ಗೊತ್ತಿರಲಿಲ್ಲ.

ಮನೆಯೆಲ್ಲ ಸೀದ ಹಾಲಿನ ವಾಸನೆ. ಸ್ಟವ್ ತಣ್ಣಗೆ ಕೊರೆಯುತ್ತಿತ್ತು, ಮೇಲೆ ಪಾತ್ರೆಯೇ ಇರಲಿಲ್ಲ. ಅದರ ಗಾಜಿನ ಮೇಲೆ ಚೆಲ್ಲಿದ್ದ ಹಾಲು ಮಾತ್ರ ಬೆರಳು ಸುಟ್ಟಿತು.

ಅಷ್ಟರಲ್ಲಿ ವಸಂತಾ ಅಂಗಡಿಯಿಂದ ಹಾಲು ತಂದಳು.

"ಮನೇಲಿ ತೊಟ್ಟು ಹಾಲಿರ್ಲಿಲ್ವಲ್ರೀ, ಇದೆಲ್ಲಿಂದ ಬಂತು?" ಎಂದು ಬಗ್ಗಿ ನೋಡಿ ನಕ್ಕಳು. "ಪೂರ್ವಕ್ಕೇ ಉಕ್ಕಿದೆ ನೋಡಿ. ಯಾರ್ರೀ ನಮ್ಮನೇಲಿ ಗೃಹಪ್ರವೇಶ ಮಾಡಿದ್ದು?"

ಅವಳು ಒರೆಸಿದಳು. ತಣ್ಣನೆಯ ಗಾಜಿನ ಮೇಲೆ ಹಾಲು ಮತ್ತೆ ನೊರೆಯಾಗಿ ಏರಿತು. ಅವಳ ನಗು ನಿಂತಿತು.

ಮನೆ ಇನ್ನು ನಮ್ಮದಲ್ಲವೆಂದು ಯೋಗೀಶ ಆಗಲೂ ಹೇಳಲಿಲ್ಲ.