ಸೊಂಟದ ಕೆಂಪು ಪಟ್ಟಿ

"ಕಣ್ಣು ಕಾಣಲ್ವೇನ್ರೀ ನಿಮಗೆ? ನನ್ನ ಸೊಂಟದಲ್ಲಿ ಏನಿದೆ ನೋಡಿ!"

ಐಸ್ ಮೇಲೆ ಬಿದ್ದಲ್ಲೇ ಕೂತು ಅವಳು ಕಿರುಚಿದಳು. ಅವಳ ಕೈಕಾಲು ನಡುಗುತ್ತಿದ್ದವು. ಅವಳಿಗೆ ಡಿಕ್ಕಿ ಹೊಡೆದ ಯುವಕ ಎಡ ಮೊಣಕೈ ಹಿಡಿದುಕೊಂಡು, ಹಲ್ಲು ಕಚ್ಚಿ ಎದ್ದು ಕೂತ. ಕ್ಲಬ್ಬಿಗೆ ಹೊಸಬ. ಸೇರಿ ಇನ್ನೂ ವಾರವೂ ಆಗಿರಲಿಲ್ಲ.

ಅವನು ಅವಳ ಸೊಂಟದಲ್ಲಿದ್ದ ಕೆಂಪು ಪಟ್ಟಿ ನೋಡಿದ. ಒಮ್ಮೆ ಸ್ಪೀಕರ್ ಕಡೆ ತಿರುಗಿದ. ಮತ್ತೆ ಅವಳ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದವನು...

"ತಪ್ಪು ನಂದೇ. ನಿಮಗೆ ಪೆಟ್ಟಾಯ್ತಾ?" ಅಂದ.

"ಮೊದಲು ನೋಡ್ಕೊಂಡು ಸ್ಕೇಟ್ ಮಾಡೋದು ಕಲೀರಿ!"

ಆ ಸ್ಕೇಟಿಂಗ್ ಕ್ಲಬ್ಬಿನ ನಿಯಮ ಪುಟ್ಟ ಮಕ್ಕಳಿಗೂ ಬಾಯಿಪಾಠ. ಅಭ್ಯಾಸದ ಹೊತ್ತಿನಲ್ಲಿ ಯಾರ ಸಂಗೀತ ಬರುತ್ತಿದೆಯೋ ಅವರು ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿಕೊಳ್ಳಬೇಕು. ಅವರಿಗೆ ಉಳಿದವರೆಲ್ಲ ದಾರಿ ಬಿಡಬೇಕು. ಸಂಗೀತ ಮುಗಿದ ಕೂಡಲೇ ಪಟ್ಟಿ ಬಿಚ್ಚಿ ಮುಂದಿನವರ ಕೈಗೆ ಕೊಡಬೇಕು. ಪಟ್ಟಿ ಕಟ್ಟಿದವಳಿಗೇ ಬಂದು ಗುದ್ದಿದರೆ ಯಾರು ತಾನೇ ಕನಿಕರ ತೋರಿಸುತ್ತಾರೆ?

ಕ್ಲಬ್ಬಿನಲ್ಲಿ ಅವಳಿಗೆ ಸಿಡುಕಿ ಎಂಬ ಅಡ್ಡಹೆಸರು. ಸಿಡುಕಿ ಸುಮ್ಮನಿರುತ್ತಾಳೆಯೇ? ಸಂಜೆಯೊಳಗೆ ಅವನಿಗೂ ಒಂದು ಹೆಸರಿಟ್ಟಳು. ಗೂಳಿ! ಹೆಸರು ಅಂಟಿಕೊಂಡಿತು.

"ಆ ಗೂಳಿ ಇರೋವಾಗ ನಮ್ಮ ಮಕ್ಕಳನ್ನ ಐಸ್ ಮೇಲೆ ಬಿಡಲ್ಲ," ಎಂದು ತಾಯಂದಿರು ಪಟ್ಟು ಹಿಡಿದರು. ಕೊನೆಗೆ ಕೋಚ್ ಮೇಡಂ, "ಕೈ ವಾಸಿಯಾದ ಮೇಲೆ ಬೆಳಿಗ್ಗೆ ಬೇಗ ಬಂದು ಒಬ್ಬನೇ ಮಾಡ್ಕೋಪ್ಪ," ಅಂದುಬಿಟ್ಟರು. ಪಾಪ, ಅವನು ಅದಕ್ಕೂ ಒಪ್ಪಿದ.

ಗೆದ್ದವಳು ಸಿಡುಕಿಯೇ. ಆದರೆ ಅಂದಿನಿಂದ ಅವಳಿಗೊಂದು ಭಯ ಅಮರಿಕೊಂಡಿತು. ಅವಳ ದೊಡ್ಡ ಜಿಗಿತಕ್ಕೆ ಹಿಮ್ಮುಖವಾಗಿ ಜಾರಿಕೊಂಡು ಬರಬೇಕು. ಬೆನ್ನ ಹಿಂದೆ ಯಾರಿದ್ದಾರೋ ಕಾಣುವುದಿಲ್ಲ. ನೆಗೆಯುವ ಗಳಿಗೆಗೆ ಸರಿಯಾಗಿ ಕತ್ತು ತಾನಾಗಿಯೇ ಹಿಂದಕ್ಕೆ ಹೊರಳುತ್ತಿತ್ತು. ಕತ್ತು ಹೊರಳಿತೋ, ಜಿಗಿತ ಹಾಳು! ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಹೀಗೇ ಆದರೆ ಸ್ಪರ್ಧೆಯ ಗತಿ ಏನು?

ಒಂದು ಸಂಜೆ ಐಸ್ ಸುತ್ತಲಿನ ಕಟಾಂಜನದ ಆಚೆಯಿಂದ ದನಿ ಬಂತು.

"ಹಿಂದೆ ಖಾಲಿ!"

ತಿರುಗಿದಳು. ಗೂಳಿ! ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದ.

'ಗೇಲಿ ಮಾಡ್ತಿದ್ದಾನಾ? ಎಷ್ಟು ಕೊಬ್ಬು!' ಉರಿದುಬಿದ್ದಳು. ಅವನನ್ನು ದುರುಗುಟ್ಟಿ ನೋಡಿ ಮತ್ತೆ ಹೊರಟಳು.

"ಹಿಂದೆ ಖಾಲಿ!"

ಆ ಸಿಟ್ಟಿನಲ್ಲಿ ಕತ್ತು ತಿರುಗಿಸುವುದನ್ನೇ ಮರೆತಳು. ನೆಗೆದಳು... ಒಂದೇ ಕಾಲಿನ ಮೇಲೆ ನೀಟಾಗಿ ಇಳಿದಳು!

ಆಮೇಲೆ ಪ್ರತಿ ಸಂಜೆಯೂ ಅದೇ ಬೆಂಚು, ಅದೇ ದನಿ. ಅವಳು ಥ್ಯಾಂಕ್ಸ್ ಹೇಳಲಿಲ್ಲ, ಅವನು ಕಾಯಲೂ ಇಲ್ಲ. ಮನೆಗೆ ಬಂದ ಮೇಲೆ ಮಾತ್ರ ಅವಳ ಬಾಯಿ ನಿಲ್ಲುತ್ತಿರಲಿಲ್ಲ.

"ಇವತ್ತೂ ಬಂದಿದ್ದ ಅಮ್ಮಾ ಆ ಗೂಳಿ. ಹಸಿರು ಸ್ವೆಟರ್ ಬೇರೆ! ತಲೆ ಬಾಚ್ಕೊಂಡೂ ಇರ್ಲಿಲ್ಲ."

ಸ್ಪರ್ಧೆಯ ಉಡುಪಿಗೆ ಮಣಿ ಹೊಲಿಯುತ್ತಿದ್ದ ಅಮ್ಮ ದಾರ ಕಡಿದು ನಕ್ಕರು. "ಬೈಯೋದಕ್ಕೆ ಇಷ್ಟೊಂದು ನೋಡ್ಬೇಕಾ ಮಗಳೇ?"

"ಅಮ್ಮಾ!"

ಕೆನ್ನೆ ಬಿಸಿಯಾಯಿತು. ಮರುದಿನ ಬೆಂಚು ಖಾಲಿಯಿತ್ತು. ಆಸ್ಪತ್ರೆಯಲ್ಲಿ ಕೈ ತೋರಿಸಲು ಹೋಗಿದ್ದನಂತೆ. ಅವಳು ಆ ಸಂಜೆ ಒಂದು ಸಲವೂ ನೆಗೆಯಲಿಲ್ಲ. 'ಇದೇನಾಗ್ತಿದೆ ನನಗೆ?' ಎಂದು ದಿಗಿಲುಬಿದ್ದಳು.

ಸ್ಪರ್ಧೆಗೆ ವಾರವಿದೆ ಅನ್ನುವಾಗ ಕೋಚ್ ಮೇಡಂ ಮಾತಿನ ನಡುವೆ ಅಂದರು. "ಆ ಹುಡುಗ ಸ್ಪರ್ಧೆ ಮುಗಿಸಿ ಅವತ್ತೇ ಬೇರೆ ಊರಿನ ಕ್ಲಬ್ಬಿಗೆ ಹೋಗ್ತಿದ್ದಾನೆ. ಇಲ್ಲಿ ಯಾರೂ ಜೊತೆಗೆ ಸೇರಿಸಲ್ಲ ಅಂದ್ರೆ ಅವನಾದ್ರೂ ಎಷ್ಟು ದಿನ ಇರ್ತಾನೆ?"

'ಹೋದ್ರೆ ಹೋಗ್ಲಿ. ತಪ್ಪು ಮಾಡಿದ್ದು ಅವನೇ ತಾನೆ?' ಎಂದುಕೊಂಡಳು. ರಾತ್ರಿ ಊಟ ಸೇರಲಿಲ್ಲ.

ಸ್ಪರ್ಧೆಯ ದಿನ ಬಂತು. ಡ್ರೆಸ್ಸಿಂಗ್ ರೂಮಿನ ಹೊರಗೆ ಕೂತು ಅವಳು ಬೂಟಿನ ಲೇಸು ಬಿಗಿಯುತ್ತಿದ್ದಳು. ಒಳಗೆ ಗಂಡಸರ ಸ್ಪರ್ಧೆ ನಡೆದಿತ್ತು. ಕೊನೆಯ ಸರದಿ ಅವನದು. ಕೈಕಟ್ಟು ಬಿಚ್ಚಿದ ಮೇಲೆ ನಸುಕಿನಲ್ಲಿ ಒಬ್ಬನೇ ಅಭ್ಯಾಸ ಮಾಡುತ್ತಿದ್ದವನ ಸಂಗೀತವನ್ನು ಕ್ಲಬ್ಬಿನಲ್ಲಿ ಯಾರೂ ಪೂರ್ತಿ ಕೇಳಿರಲಿಲ್ಲ.

ಪಿಟೀಲು ಶುರುವಾಯಿತು. ಮೇಲೇರಿತು, ಇನ್ನೂ ಮೇಲೇರಿತು, ಥಟ್ಟನೆ ನಿಂತುಹೋಯಿತು.

ಅವಳ ಕೈ ಲೇಸಿನ ಮೇಲೇ ಮರಗಟ್ಟಿತು.

ಆ ನಾದ ಕೇಳಿದ್ದಾಳೆ! ಅವತ್ತು... ಡಿಕ್ಕಿಯಾದ ಗಳಿಗೆಯಲ್ಲಿ... ಇದೇ ಪಿಟೀಲು, ಇದೇ ಮೌನ!

ಎಲ್ಲವೂ ಒಂದೊಂದಾಗಿ ನೆನಪಾಯಿತು. ತನ್ನ ಸಂಗೀತದ ಕೊನೆಯ ಜಿಗಿತದಲ್ಲಿ ಬಿದ್ದಿದ್ದಳು. ತನ್ನ ಮೇಲೇ ಸಿಟ್ಟು ಬಂದು, ಸಂಗೀತ ಮುಗಿದರೂ ಪಟ್ಟಿ ಬಿಚ್ಚಿಕೊಡದೆ, ಅದೇ ಜಿಗಿತವನ್ನು ಮತ್ತೆ ಮಾಡಲು ಹೋಗಿದ್ದಳು. ಅಷ್ಟರಲ್ಲಿ ಅವನ ಸಂಗೀತ ಶುರುವಾಗಿತ್ತು. ಪಟ್ಟಿ ಕಂಡವರು ಯಾರೂ ಸಂಗೀತದ ಕಡೆ ಕಿವಿ ಕೊಟ್ಟಿರಲಿಲ್ಲ. ದಾರಿ ಬಿಡಬೇಕಾದವಳು ಇವಳು! ಪಟ್ಟಿ ಇರಬೇಕಾದದ್ದು ಅವನ ಸೊಂಟದಲ್ಲಿ!

'ಅಯ್ಯೋ... ತಪ್ಪು ನಂದು. ಪೂರ್ತಿ ನಂದೇ! ಅವನು ಗೊತ್ತಿದ್ದೂ ಸುಮ್ಮನಿದ್ನಲ್ಲಾ... ಯಾಕೆ?'

ಒಳಗೆ ಚಪ್ಪಾಳೆ ಮೊಳಗಿತು, ನಿಂತಿತು. ಸ್ವಲ್ಪ ಬಿಡುವಿನ ಬಳಿಕ ಮೈಕಿನಲ್ಲಿ ಅವಳ ಗುಂಪಿನ ಮೊದಲ ಹುಡುಗಿಯನ್ನು ಕರೆದರು. ಅವಳದು ಎರಡನೇ ಸರದಿ. ಕಾರಿಡಾರಿನ ಆ ತುದಿಯಲ್ಲಿ ಅವನು ಹಸಿರು ಸ್ವೆಟರ್ ಹಾಕಿ, ಬ್ಯಾಗು ಹೆಗಲಿಗೇರಿಸಿ ಹೊರಬಾಗಿಲ ಕಡೆ ನಡೆಯುತ್ತಿದ್ದ. ಜೊತೆಗೆ ಕೋಚ್ ಮೇಡಂ.

ಒಂದು ಬೂಟಿನ ಲೇಸು ಇನ್ನೂ ಬಿಚ್ಚಿಕೊಂಡೇ ಇತ್ತು. ಕಟ್ಟುತ್ತಾ ಕೂತರೆ ಅವನು ಹೋಗಿಬಿಡುತ್ತಾನೆ! ಹಾಗೇ ಎದ್ದು, ಎಡವುತ್ತಾ, ಗೋಡೆ ಹಿಡಿಯುತ್ತಾ ಓಡಿದಳು.

"ನಿಂತ್ಕೊಳ್ಳಿ! ರೀ... ಗೂಳಿ! ಅಯ್ಯೋ, ಅದಲ್ಲ... ನಿಂತ್ಕೊಳ್ರೀ!"

ಇಬ್ಬರೂ ತಿರುಗಿದರು. ಕೋಚ್ ಮೇಡಂ ಕಣ್ಣು ಕೆಂಪಾಯಿತು. "ನಿನಗೇನು ತಲೆ ಕೆಟ್ಟಿದ್ಯಾ? ಮುಂದಿನ ಸರದಿ ನಿಂದು!"

"ಮೇಡಂ, ಅವತ್ತು ಇವರ ಸಂಗೀತ ಬರ್ತಿತ್ತು. ಪಟ್ಟಿ ಕೊಡದೆ ಇಟ್ಕೊಂಡಿದ್ದು ನಾನು. ಗುದ್ದಿದ್ದು ನಾನು. ಕೈ ಮುರಿದಿದ್ದೂ ನಾನು. ಎಲ್ಲರ ಹತ್ರ ಇವರ ಹೆಸರು ಕೆಡಿಸಿದ್ದೂ ನಾನೇ!"

ಮೇಡಂ ಅವನ ಕಡೆ ತಿರುಗಿದರು. "ನಿಜವೇನಪ್ಪಾ?"

ಅವನು ನೆಲ ನೋಡಿದ. ಅದೇ ಸಾಕಾಯಿತು.

"ಯಾಕೆ ಹೇಳ್ಲಿಲ್ಲ?" ಅವಳ ಕಣ್ಣಲ್ಲಿ ನೀರು ತುಂಬಿತು. "ಒಂದು ಮಾತು ಹೇಳಬಾರದಿತ್ತಾ?"

"ಅವತ್ತು ನೀವು ಹೇಗೆ ನಡುಗ್ತಿದ್ರಿ ಗೊತ್ತಾ?" ಅವನ ದನಿ ಮೆತ್ತಗಿತ್ತು. "ಹಿಂದೊಮ್ಮೆ ನನ್ನ ತಪ್ಪಿಂದ ಒಬ್ಬರಿಗೆ ಪೆಟ್ಟಾಗಿತ್ತು. ಎಲ್ಲರೂ ಸೇರಿ ಬೈದ್ರು. ಆಮೇಲೆ ಒಂದು ವರ್ಷ ಐಸ್ ಮೇಲೆ ಕಾಲಿಡೋಕೇ ಆಗ್ಲಿಲ್ಲ ನನಗೆ. ನಿಮಗೆ ಹಾಗಾಗೋದು ಬೇಡ ಅನ್ನಿಸ್ತು."

"ಆಮೇಲಾದ್ರೂ..."

"ಆಮೇಲೆ ನೀವು ನೆಗೆಯೋಕೆ ಶುರು ಮಾಡಿದ್ರಿ. ನನಗೆ ಅಷ್ಟೇ ಬೇಕಿತ್ತು."

ಮೈಕಿನಲ್ಲಿ ಅವಳನ್ನು ಕರೆದರು. ಅವಳು ಕದಲಲಿಲ್ಲ.

"ನೀವು ಹೋಗೋ ಹಾಗಿದ್ರೆ ನಾನು ಒಳಗೆ ಹೋಗಲ್ಲ."

"ಹುಚ್ಚಾ ನಿಮಗೆ?"

"ಹೌದು! ಬೆಂಚು ಖಾಲಿ ಇದ್ರೆ ನನಗೆ ಜೀವವೇ ನಿಲ್ಲಲ್ಲ. ಜಿಗಿತಕ್ಕೆ ಮಾತ್ರ ಅಲ್ಲ... ನನಗೆ ನೀವು ಬೇಕು ರೀ!"

ಕೋಚ್ ಮೇಡಂ ಕೆಮ್ಮಿದರು. "ಪ್ರೀತಿ ಗೀತಿ ಆಮೇಲೆ. ಮೊದಲು ಲೇಸು!"

ಅವನು ಬ್ಯಾಗು ಕೆಳಗಿಟ್ಟು ಮಂಡಿಯೂರಿ ಕೂತ. ಇನ್ನೂ ಪೂರ್ತಿ ಮಡಚಲಾಗದ ಕೈಯಿಂದಲೇ ಲೇಸು ಬಿಗಿದು ಕಟ್ಟಿದ.

ಅವಳು ಐಸ್‌ಗಿಳಿದಳು. ಹಿಮ್ಮುಖವಾಗಿ ಜಾರುತ್ತಾ ಬಂದಾಗ ಕತ್ತು ಹಿಂದಕ್ಕೆ ಎಳೆಯಿತು. ಸ್ಪರ್ಧೆಯಲ್ಲಿ ಕೂಗುವಂತಿಲ್ಲ. ಆದರೆ ಕಟಾಂಜನದ ಪಕ್ಕ ಹಸಿರು ಸ್ವೆಟರ್ ಕಂಡಿತು. ಅವನು ಹೋಗಿರಲಿಲ್ಲ! ಕತ್ತು ತಿರುಗಿಸದೆ ನೆಗೆದಳು. ಇಳಿಯುವಾಗ ಕೈ ಒಂಚೂರು ನೆಲಕ್ಕೆ ತಾಗಿತು. ಪದಕ ಬೇರೆಯವರ ಪಾಲಾಯಿತು. ಆ ಸಂಜೆಯೇ ಅವಳು ಒಬ್ಬೊಬ್ಬ ತಾಯಿಯ ಬಳಿಯೂ ಹೋಗಿ ನಡೆದದ್ದನ್ನು ಹೇಳಿದಳು. ಬೈಗುಳವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವನು ಬೇರೆ ಊರಿಗೆ ಹೋಗುವ ಮಾತು ಅಲ್ಲಿಗೇ ನಿಂತಿತು.

ಮುಂದಿನ ವಾರ, ಎಲ್ಲರೂ ಇರುವ ಸಂಜೆಯ ಅಭ್ಯಾಸದಲ್ಲಿ, ತನ್ನ ಸಂಗೀತ ಮುಗಿದ ಕೂಡಲೇ ಸಿಡುಕಿ ಪಟ್ಟಿ ಬಿಚ್ಚಿದಳು. ಅವನ ಸೊಂಟಕ್ಕೆ ತಾನೇ ಕಟ್ಟಿದಳು. ಅವನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಇಷ್ಟು ಜನರ ನಡುವೆ ಸ್ಕೇಟ್ ಮಾಡಿ ಎಷ್ಟೋ ದಿನವಾಗಿತ್ತು.

"ಭಯ ಆಗ್ತಿದ್ಯಾ?"

"ತುಂಬಾ... ಹಿಂದೆ ಯಾರಾದ್ರೂ ಬಂದ್ರೆ?"

"ಹಿಂದೆ ತಿರುಗಿ ನೋಡ್ಬೇಡ."

ಮೊದಲ ಸಲ ಏಕವಚನ! ಅವನು ಬೆರಗಾಗಿ ನೋಡಿದ. "ಮತ್ತೆ ಯಾರು ನೋಡ್ತಾರೆ?"

"ನಾನಿಲ್ವಾ?" ಅಂದಳು ಅವಳು. "ಹೋಗು. ನೋಡ್ತಿರ್ತೀನಿ."