ಲೈಕಮ್ಮನವರ ಜ್ಞಾಪಕಾರ್ಥ

ನಾನು ಕೆಲಸಕ್ಕೆ ಕೂತಾಗ ನನ್ನನ್ನು ನೋಡಿ ಯಾರೂ ನಗಬಾರದು. ಆ ಮೇಷ್ಟ್ರು ನಕ್ಕರು. ಅದೂ ಚಳ್ಳಕೆರೆ ಸಂತೆಯ ದಿನ, ಅಂಗಡಿ ತುಂಬ ಗಿರಾಕಿಗಳಿರುವಾಗ!

"ಏನ್ರೀ ಮೇಷ್ಟ್ರೇ, ಹಲ್ಲು ಕಿಸೀತೀರಾ? ಏನ್ ತಪ್ಪಾಗೈತೆ ಹೇಳ್ರಿ."

ಅವರು ಸ್ಟೀಲ್ ಡಬ್ಬವನ್ನು ನನ್ನತ್ತ ತಿರುಗಿಸಿದರು. ನಾನೇ ಕೊರೆದ ಅಕ್ಷರ: 'ಸ್ವರ್ಗಸ್ಥ ಶ್ರೀಮತಿ ಲೈಕಮ್ಮನವರ ಜ್ಞಾಪಕಾರ್ಥ, 3-11-1957.'

"ಲೈಕಾ ಅಂದ್ರೆ ನಾಯಿ ಕಣ್ರೀ ಪಾಲಮ್ಮ."

ಅಂಗಡಿಯೆಲ್ಲ ಘೊಳ್ಳೆಂದಿತು. ಗಲ್ಲಾದಲ್ಲಿ ಕೂತಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ನನ್ನದೇನು ತಪ್ಪು? ನಮ್ಮ ಪಾತ್ರೆ ಅಂಗಡಿಯಲ್ಲಿ ಎಂಟು ವರ್ಷದಿಂದ ಮಷಿನ್ ಹಿಡಿದು ಹೆಸರು ಕೊರೆಯುತ್ತಿದ್ದೇನೆ. ಎರಡು ಹೆಸರು, ಹೊಸ ತಾರೀಖು ಇದ್ದರೆ ಮದುವೆ ಪಾತ್ರೆ. ಒಂಟಿ ಹೆಸರು, ಹಳೇ ತಾರೀಖು ಇದ್ದರೆ ತೀರಿಕೊಂಡವರ ನೆನಪಿಗೆ. ಕೊಂಡ್ಲಹಳ್ಳಿ ಹೈಸ್ಕೂಲಿನ ಈ ವಿಜ್ಞಾನದ ಮೇಷ್ಟ್ರು ಓಬಳೇಶ, ಹೋದ ವಾರ ಬಸ್ಸು ಹೊರಟಿತೆಂದು ಚೀಟಿ ಎಸೆದು ಓಡಿದ್ದರು. ಅದರಲ್ಲಿ 'ಲೈಕಾ, 3-11-1957' ಅಂತ ಇತ್ತು, ಅಷ್ಟೇ. ಅವರ ಅಜ್ಜಿ ಇರಬೇಕು ಪಾಪ, ಬರೀ ಹೆಸರು ಹಾಕಿದರೆ ಮರ್ಯಾದೆಯಲ್ಲ ಎಂದು ಉಳಿದದ್ದನ್ನು ನಾನೇ ಸೇರಿಸಿದ್ದೆ.

ಜನ ಕರಗಿದರೂ ಮೇಷ್ಟ್ರು ಕದಲಲಿಲ್ಲ. ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಸೇರಿಸಿ ನನ್ನ ಮುಂದೆ ಹಿಡಿದರು.

"ಇದು ಮೊದಲ್ನೇ ಉಪಗ್ರಹ, ಸ್ಪುಟ್ನಿಕ್. ಕೊಡೆ ಕಡ್ಡಿ ನಾಲ್ಕು ಸಿಗಿಸಿದ್ರೆ ಏರಿಯಲ್. ರಷ್ಯಾದೋರು ಇದನ್ನ ಹಾರಿಸ್ತಿದ್ದಂಗೇ ಅಮೆರಿಕದೋರಿಗೆ ಹೊಟ್ಟೆಗೆ ಬೆಂಕಿ ಬಿತ್ತು. ಒಂದೇ ತಿಂಗಳಿಗೆ ಎರಡ್ನೇದೂ ಹಾರಿಸಿದ್ರು. ಈ ಡಬ್ಬಾನೇ ಅದು ಅನ್ಕೊಳ್ರಿ, ಅದ್ರಾಗೆ ಲೈಕಾ ಕೂತಿದ್ಲು. ಮಾಸ್ಕೋದ ಬೀದಿ ನಾಯಿ. ಬರೋ ಸೋಮವಾರಕ್ಕೆ ನಲವತ್ತು ವರ್ಷ, ಇಲ್ಲೇ ಚಳ್ಳಕೆರೆಯಾಗೆ ಹೈಸ್ಕೂಲ್ ಮಕ್ಕಳ ವಸ್ತುಪ್ರದರ್ಶನ ಐತೆ."

ಹೇಳುತ್ತ ಹೇಳುತ್ತ ಅವರ ಕಣ್ಣು ನನ್ನ ಹುಬ್ಬಿನ ಮೇಲೆ ನಿಂತಿತು. ಅಲ್ಲಿ ಸ್ಟೀಲಿನ ಪುಡಿ ಕೂತಿತ್ತು. ಒರೆಸಲು ಕೈ ಎತ್ತಿದರು, ಅವ್ವನನ್ನು ನೋಡಿ ಜೇಬಿಗೆ ಇಳಿಸಿದರು. ನಾನೂ ಬೇಕೆಂದೇ ಒರೆಸಿಕೊಳ್ಳಲಿಲ್ಲ.

"ವಾಪಸ್ ಬಂದ್ಲಾ?" ಎಂದು ಕೇಳಿದೆ.

"ಇಲ್ಲ. ವಾಪಸ್ ಬರೋ ದಾರೀನೇ ಅವ್ರು ಮಾಡಿರ್ಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಥೂ! ಕಳ್ಸೋಕೆ ಗೊತ್ತು, ಕರ್ಕೊಳ್ಳೋಕೆ ಗೊತ್ತಿಲ್ವಾ? ನನ್ನನ್ನೂ ಹಂಗೇ ಕಳ್ಸ್ತಾರೆ ನೋಡ್ರಿ."

ಬಾಯಿ ತಪ್ಪಿ ಬಂದ ಮಾತು. ಬಂದ ಮೇಲೆ ನುಂಗುವುದೇಕೆ ಎಂದು ಪೂರ್ತಿ ಹೇಳಿದೆ. ಪರಶುರಾಂಪುರದ ಗಂಡಿನ ಕಡೆಯವರು ಒಪ್ಪಿದ್ದರು. ಮದುವೆಯಾದ ಮೇಲೆ ಹುಡುಗಿ ಅಂಗಡಿಯಲ್ಲಿ ಕೂರುವಂತಿಲ್ಲ, ಮಷಿನ್ ಮಾರಿಬಿಡಬೇಕು ಎಂದಿದ್ದರು. ಸೋಮವಾರವೇ ಉತ್ತರ ಕೊಡಬೇಕಿತ್ತು.

ಮೇಷ್ಟ್ರ ಮುಖ ಬಾಡಿತು. "ನೀವೇನಂತೀರಾ?"

"ನನ್ನನ್ನ ಯಾರ್ ಕೇಳಿದ್ರು?"

"ನಾನು ಕೇಳ್ತಿದೀನಲ್ಲ."

ಡಬ್ಬ ಎಳೆದುಕೊಂಡೆ. "ಕೊಡ್ರಿ, ಉಜ್ಜಿ ಅಳಿಸ್ತೀನಿ."

"ಬೇಡ! ನಲವತ್ತು ವರ್ಷದಾಗೆ ಅವ್ಳನ್ನ ಮನೆಯೋಳ ತರ ನೆನೆದೋರು ನೀವೊಬ್ರೇ ಇರ್ಬೇಕು. ಹಿಂಗೇ ಇರ್ಲಿ."

ಅವರು ಡಬ್ಬವನ್ನು ಎದೆಗೆ ಅವಚಿಕೊಂಡು ಹೋದರು. ಅವತ್ತು ಸಂಜೆಯೇ ಅವ್ವನಿಗೆ ಹೇಳಿಬಿಟ್ಟೆ, ಪರಶುರಾಂಪುರಕ್ಕೆ ನಾನು ಹೋಗಲ್ಲ ಅಂತ.

"ಇಪ್ಪತ್ತಾರು ತುಂಬ್ತು ಕಣೇ, ಇನ್ನೆಲ್ಲಿ ಹುಡುಕ್ಲಿ?"

"ಹುಡುಕ್ಬೇಡ. ಮಷಿನ್ ಬಿಡು ಅನ್ನೋರ ಮನೆಗೆ ನಾನು ಕಾಲಿಡಲ್ಲ."

ಅವ್ವ ಎರಡು ದಿನ ಪಾತ್ರೆ ಕುಕ್ಕಿ ಸಿಟ್ಟು ತೋರಿಸಿದಳು. ನಾನು ಜಗ್ಗಲಿಲ್ಲ. ಸೋಮವಾರ ಬೆಳಿಗ್ಗೆ ಅವ್ವ ತಾನೇ ಎಸ್‌ಟಿಡಿ ಬೂತಿಗೆ ಹೋಗಿ, ಆಗಲ್ಲ ಎಂದು ಫೋನ್ ಮಾಡಿ ಬಂದಳು.

ಮಧ್ಯಾಹ್ನ ವಸ್ತುಪ್ರದರ್ಶನಕ್ಕೆ ಹೋದೆ. ಬೋಗುಣಿ ಉಪಗ್ರಹ ಬೀಪ್ ಬೀಪ್ ಎನ್ನುತ್ತಿತ್ತು. ಪಕ್ಕದ ಡಬ್ಬದ ಮೇಲೆ ಯಾರೋ ಒಂದು ತುಂಡು ಕನಕಾಂಬರ ಇಟ್ಟಿದ್ದರು. ಮೇಷ್ಟ್ರು ಮಕ್ಕಳಿಗೆ ವಿವರಿಸುತ್ತಿದ್ದರೂ ಕಣ್ಣೆಲ್ಲ ನನ್ನ ಕಡೆಗೇ ಇತ್ತು.

"ಪರಶುರಾಂಪುರದೋರಿಗೆ ಆಗಲ್ಲ ಅಂದ್ವಿ," ಎಂದೆ. ಅವರು ರಾಕೆಟ್ಟಿನ ವೇಗವನ್ನು ತಪ್ಪಾಗಿ ಹೇಳಿದರು. ಮಕ್ಕಳೇ ತಿದ್ದಬೇಕಾಯಿತು.

ಗುರುವಾರ ಅಂಗಡಿಗೆ ಬಂದು ಒಂದು ಬಿಂದಿಗೆ ಆರಿಸಿಕೊಂಡರು.

"ಹೆಸರು ಹಾಕ್ಬೇಕಿತ್ತು."

"ಈ ಸಲ ಪೂರ್ತಿ ಬರ್ದು ಕೊಡ್ರಿ. ಆಮೇಲೆ ನಗಂಗಿಲ್ಲ."

ಚೀಟಿ ಬಿಡಿಸಿದೆ. 'ಓಬಳೇಶ – ಪಾಲಮ್ಮ.' ತಾರೀಖಿನ ಜಾಗ ಖಾಲಿ ಇತ್ತು. ನನ್ನ ಕಿವಿ ಬಿಸಿಯಾಯಿತು.

"ತಾರೀಖು?"

"ನೀವು ಹೇಳಿದ್ದೇ ತಾರೀಖು. ನಂಗೆ ನೀವು ಬೇಕು ಕಣ್ರೀ. ಹೋದ ವಾರಾನೇ ಹೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ."

ತಕ್ಷಣ ಹೂಂ ಅನ್ನುವ ಆಸೆಯಾಯಿತು. ಆದರೂ ಕೇಳಬೇಕಾದ್ದನ್ನು ಕೇಳಿಯೇ ಬಿಟ್ಟೆ. "ನನ್ ಕೆಲ್ಸ?"

"ಬೆಳಿಗ್ಗೆ ಎಂಟಕ್ಕೆ ಕೊಂಡ್ಲಹಳ್ಳಿಯಿಂದ ಚಳ್ಳಕೆರೆಗೆ ಬಸ್ಸೈತೆ. ಸಾಯಂಕಾಲ ಆರಕ್ಕೆ ವಾಪಸ್ಸೂ ಐತೆ. ಡಿಪೋದಾಗೆ ಕೇಳ್ಕೊಂಡೇ ಬಂದೀನಿ."

ನಾನು ಅವ್ವನ ಕಡೆ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರ್ ಕಿತ್ತು ನನ್ನ ಮುಂದೆ ಇಟ್ಟಳು.

ಮಷಿನ್ ಹಚ್ಚಿ ಮೊದಲು 'ಪಾಲಮ್ಮ' ಎಂದು ಕೊರೆದೆ.

"ನನ್ ಹೆಸರು ಹಿಂದೇನಾ?"

"ಮಷಿನ್ ನನ್ ಕೈಯಾಗೈತೆ, ಮೇಷ್ಟ್ರೇ."

ಎಂಟು ವರ್ಷದಲ್ಲಿ ಮೊದಲ ಸಲ ನನ್ನ ಗೆರೆ ತಪ್ಪಿತು. 'ಓಬಳೇಶ'ದ ಓ ಸೊಟ್ಟಗಾಯಿತು. ನಾನು ಅದನ್ನು ಅಳಿಸಲಿಲ್ಲ.